ಮೂರು ಬಾಟಲಿಯ ಹೃದಯಕೋಶ ಕಿಟ್: ಮೈಸೂರಿನ ಲ್ಯಾಬ್ ಇದನ್ನು ಕೊಳ್ಳಬೇಕೆ?

ಗಿಬ್ಕೋ ಬ್ರ್ಯಾಂಡಿನಲ್ಲಿ ಥರ್ಮೋ ಫಿಷರ್ ಕಂಪನಿ ಮಾರುವ ‘ಪಿಎಸ್‌ಸಿ ಕಾರ್ಡಿಯೋಮಯೋಸೈಟ್ ಡಿಫರೆನ್ಷಿಯೇಷನ್ ಕಿಟ್’ ಯಾವ ಅಂಗಾಂಶವಾಗಿಯೂ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳನ್ನು (ಪಿಎಸ್‌ಸಿ) ತಟ್ಟೆಯಲ್ಲಿ ಹೃದಯ ಸ್ನಾಯುಕೋಶಗಳಾಗಿ ಮಾರ್ಪಡಿಸುತ್ತದೆ. ಅದರಲ್ಲಿ ಮೀಡಿಯಂ, ಅಂದರೆ ಕೋಶ ಬೆಳೆಸುವ ದ್ರವದ ಮೂರು ಬಾಟಲಿ ಇರುತ್ತವೆ: ಮೀಡಿಯಂ ಎ 100 ಮಿ.ಲೀ., ಮೀಡಿಯಂ ಬಿ 100 ಮಿ.ಲೀ., ಮೇಂಟೆನೆನ್ಸ್ ಮೀಡಿಯಂ 500 ಮಿ.ಲೀ. ಮೂರೂ ಹಾಗೇ ಬಳಸುವಂಥವು, ಏನನ್ನೂ ಅಳೆದು ಬೆರೆಸುವ ಕೆಲಸವಿಲ್ಲ. ಸ್ಟೆಮ್ ಸೆಲ್‌ಗಳ ಮೇಲೆ 0ನೇ ದಿನ ಎ, 2ನೇ ದಿನ ಬಿ, 4ನೇ ದಿನದಿಂದ ಮೇಂಟೆನೆನ್ಸ್. ಆಮೇಲೆ ದಿನ ಬಿಟ್ಟು ದಿನ ಮೀಡಿಯಂ ಬದಲಿಸುತ್ತ ಹೋದರೆ, ಬೇಗ ಅಂದರೆ 8ನೇ ದಿನಕ್ಕೆ ತಟ್ಟೆಯಲ್ಲಿ ಮಿಡಿತ ಕಾಣುತ್ತದೆ ಎನ್ನುತ್ತದೆ ಕಂಪನಿ. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಈ ಕಿಟ್ ಕೈಕೊಟ್ಟಿತು ಎನ್ನುವ ಕಡೆಗಳಲ್ಲಿ ಬಹುಪಾಲು ಕೆಲಸ ಕೆಟ್ಟಿರುವುದು ಮೊದಲ ಬಾಟಲಿ ತೆರೆಯುವುದಕ್ಕೆ ಮುಂಚೆಯೇ. ಎಷ್ಟು ಕೋಶ, ಎಂಥ ಸ್ಥಿತಿಯಲ್ಲಿ, ತಟ್ಟೆಯ ಎಷ್ಟು ಭಾಗವನ್ನು ಮುಚ್ಚಿಕೊಂಡಿದ್ದಾಗ ಎ ಹಾಕಿದಿರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ಯಾವ ಬಾಟಲಿಯೂ ಸರಿಮಾಡಿಕೊಡುವುದಿಲ್ಲ. ಹಾಗಾಗಿ ಈ ವಿಮರ್ಶೆಯ ಅರ್ಧ ಭಾಗ ಕಿಟ್‌ನ ಹೊರಗಿನ ಸಂಗತಿಗಳಿಗೇ ಹೋಗುತ್ತದೆ.

ಮೈಸೂರು, ಮಂಡ್ಯದ ಕಡೆಯ ಲ್ಯಾಬ್‌ಗೆ ಇದು ಯಾಕೆ ಬೇಕು? ಬದುಕಿರುವ ಮನುಷ್ಯನ ಹೃದಯದಿಂದ ಸ್ನಾಯುಕೋಶ ತೆಗೆದು ಬೆಳೆಸುವುದು ಸಾಧ್ಯವಿಲ್ಲದ ಮಾತು. ತೆಗೆದರೂ ಅವು ವಿಭಜನೆಯಾಗುವುದಿಲ್ಲ. ಔಷಧವೊಂದು ಹೃದಯದ ಲಯ ತಪ್ಪಿಸುತ್ತದೆಯೇ ಎಂದು ನೋಡಲು, ವಂಶವಾಹಿಯ ಒಂದು ದೋಷ ಸ್ನಾಯುವಿನಲ್ಲಿ ಏನು ಮಾಡುತ್ತದೆ ಎಂದು ತಿಳಿಯಲು ತಟ್ಟೆಯಲ್ಲಿ ಬೆಳೆದ ಮನುಷ್ಯಕೋಶವೇ ಬೇಕು. ನಮ್ಮ ಜನಕ್ಕೆ ನೇರ ಸಂಬಂಧಿಸಿದ ಒಂದು ಪ್ರಶ್ನೆಯೂ ಇದೆ. ಎಂವೈಬಿಪಿಸಿ3 ಎಂಬ ಜೀನ್‌ನಲ್ಲಿ 25 ಬೇಸ್ ಜೋಡಿಗಳು ಅಳಿಸಿಹೋದ ಒಂದು ರೂಪ ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇ 4 ಮಂದಿಯಲ್ಲಿದೆ, ಅದಕ್ಕೂ ಹೃದಯ ಸ್ನಾಯುವಿನ ಕಾಯಿಲೆಗೂ ನಂಟಿದೆ ಎಂದು 2009ರಲ್ಲಿ ತಿಳಿದುಬಂತು. ಇಂಥದ್ದನ್ನು ಇಲಿಯ ಹೃದಯದಲ್ಲಿ ಹುಡುಕುವುದಕ್ಕಿಂತ ನಮ್ಮವರ ಕೋಶದಿಂದಲೇ ಮಾಡಿದ ಸ್ನಾಯುವಿನಲ್ಲಿ ಹುಡುಕುವುದು ಮೇಲು. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ಹಿಂದಿರುಗಿಸಿ ಸ್ಟೆಮ್ ಸೆಲ್ ಮಾಡಿ ತೋರಿಸಿದ ಜಪಾನಿನ ವಿಜ್ಞಾನಿ ಯಮನಕ ಅವರ ಕೆಲಸದಿಂದ ಈ ದಾರಿ ತೆರೆಯಿತು.

ಎ ಮತ್ತು ಬಿ ಬಾಟಲಿಗಳಲ್ಲಿ ನಿಖರವಾಗಿ ಏನಿದೆ ಎಂದು ಕಂಪನಿ ಬಹಿರಂಗಪಡಿಸಿಲ್ಲ. ಆದರೆ ಈ ಬಗೆಯ ವಿಧಾನಗಳ ಹಿಂದಿನ ತತ್ವ ಗುಟ್ಟೇನಲ್ಲ. ಭ್ರೂಣದಲ್ಲಿ ಹೃದಯ ರೂಪುಗೊಳ್ಳುವಾಗ ‘ವಿಂಟ್’ ಎಂಬ ಸಂಕೇತ ಮೊದಲು ಏರಬೇಕು, ಆಮೇಲೆ ಇಳಿಯಬೇಕು. ಏರಿದಾಗ ಸ್ಟೆಮ್ ಸೆಲ್ ಮೀಸೋಡರ್ಮ್ ಆಗುತ್ತದೆ, ಅಂದರೆ ಸ್ನಾಯು, ರಕ್ತ, ಮೂಳೆಗಳಿಗೆ ಮೂಲವಾದ ನಡುಪದರ. ಸರಿಯಾದ ಹೊತ್ತಿಗೆ ಇಳಿದರೆ ಆ ನಡುಪದರ ಹೃದಯದ ಕಡೆ ತಿರುಗುತ್ತದೆ. ಇಳಿಯದೆ ಹಾಗೇ ಉಳಿದರೆ ಬೇರೆ ಯಾವುದೋ ಅಂಗಾಂಶದ ಕಡೆ ಹೋಗುತ್ತದೆ. ಈ ಏರಿಳಿತವನ್ನು ಎರಡೇ ಸಣ್ಣ ರಾಸಾಯನಿಕಗಳಿಂದ ಮಾಡಬಹುದು ಎಂದು ವಿಸ್ಕಾನ್ಸಿನ್‌ನ ಲಿಯಾನ್, ಪಾಲೆಸೆಕ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಅದಕ್ಕೂ ಮೊದಲು ಆಕ್ಟಿವಿನ್, ಬಿಎಂಪಿ4ರಂಥ ದುಬಾರಿ ಪ್ರೋಟೀನುಗಳೇ ಗತಿಯಾಗಿದ್ದವು. ಕಿಟ್ ಕೊಳ್ಳುವವರು ಈ ಏರಿಳಿತವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಲ್ಲಿ ಕೆಟ್ಟಿತು ಎಂದು ಹುಡುಕುವುದು ಸುಲಭ.

ಮೊದಲು ಲೆಕ್ಕ. 12 ವೆಲ್, ಅಂದರೆ 12 ಗುಳಿಗಳಿರುವ ಪ್ಲೇಟಿನಲ್ಲಿ ವೆಲ್‌ಗೆ 2 ಮಿ.ಲೀ. ಹಾಕಿದರೆ ಒಂದು ಪ್ಲೇಟಿಗೆ ಒಂದು ಸಲಕ್ಕೆ 24 ಮಿ.ಲೀ. ಬೇಕು. ನಾಲ್ಕು ಪ್ಲೇಟಿಗೆ ಎ 96 ಮಿ.ಲೀ., ಬಿ 96 ಮಿ.ಲೀ. ಮೇಂಟೆನೆನ್ಸ್ ಮೀಡಿಯಂ 4, 6, 8, 10, 12ನೇ ದಿನ ಎಂದು ಐದು ಸಲ ಹಾಕಿದರೆ ನಾಲ್ಕು ಪ್ಲೇಟಿಗೆ 480 ಮಿ.ಲೀ. ಅಂದರೆ ಒಂದು ಕಿಟ್ಟಿಗೆ ನಾಲ್ಕು ಪ್ಲೇಟ್, 48 ವೆಲ್. ಚೆಲ್ಲಿದರೆ ತುಂಬಿಕೊಳ್ಳಲು ಉಳಿಯುವುದು ಎ, ಬಿಯಲ್ಲಿ ನಾಲ್ಕು ನಾಲ್ಕು ಮಿ.ಲೀ. ಮಾತ್ರ. 14ನೇ ದಿನದ ಮೇಲೂ ಕೋಶಗಳನ್ನು ಇಟ್ಟುಕೊಳ್ಳುವ ಯೋಚನೆಯಿದ್ದರೆ ಮೇಂಟೆನೆನ್ಸ್ ಮೀಡಿಯಂ ಬೇರೆಯಾಗಿ ತರಿಸಬೇಕು, ಇಲ್ಲವೇ ಇನ್ಸುಲಿನ್ ಇರುವ ಬಿ27 ಎಂಬ ಪೂರಕ ಬೆರೆಸಿದ ಆರ್‌ಪಿಎಂಐ ಎಂಬ ಸಾಮಾನ್ಯ ಮೀಡಿಯಂಗೆ ಬದಲಿಸಬೇಕು. ವೆಲ್‌ಗೆ 1 ಮಿ.ಲೀ. ಹಾಕಿ ಎಂಟು ಪ್ಲೇಟ್ ಎಳೆಯುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಕೋಶ ದಟ್ಟವಾದಂತೆ ಮೀಡಿಯಂ ಒಂದೇ ದಿನಕ್ಕೆ ಹಳದಿಗೆ ತಿರುಗುತ್ತದೆ, ಅಂಚಿನ ವೆಲ್‌ಗಳಲ್ಲಿ ಆವಿಯಾಗಿ ಉಪ್ಪಿನಂಶ ಏರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಮೈಸೂರಿನ ಒಣ ಹವೆಯಲ್ಲಿ ಇದು ಇನ್ನೂ ಬೇಗ. ಇನ್‌ಕ್ಯುಬೇಟರ್ ಟ್ರೇಯಲ್ಲಿ ಆಟೋಕ್ಲೇವ್ ಮಾಡಿದ ಡಿಸ್ಟಿಲ್ಡ್ ನೀರು ಯಾವಾಗಲೂ ತುಂಬಿರಲಿ. ನಲ್ಲಿ ನೀರು ಬೇಡ.

ಸಾಗಾಟದ ವಿಷಯ. ಕಿಟ್ ಬರುವ ಡ್ರೈ ಐಸ್ ಪೆಟ್ಟಿಗೆ ಮೈಸೂರು ತಲುಪುವುದು ಸಾಮಾನ್ಯವಾಗಿ ಬೆಂಗಳೂರಿನ ಮೂಲಕ. ಎಕ್ಸ್‌ಪ್ರೆಸ್‌ವೇ ಆದಮೇಲೆ ದಾರಿಯೇನೂ ದೂರವಲ್ಲ, ಪೆಟ್ಟಿಗೆ ಕಾಯುವುದು ಗೋದಾಮಿನಲ್ಲಿ. ಬುಕ್ ಮಾಡುವಾಗಲೇ ಮಂಗಳವಾರ ಅಥವಾ ಬುಧವಾರ ಕೈಸೇರುವಂತೆ ಕೇಳಿ. ಶುಕ್ರವಾರ ಬೆಂಗಳೂರಿನಿಂದ ಹೊರಟ ಪೆಟ್ಟಿಗೆ ಶನಿವಾರ ಸಂಜೆ ಸೆಕ್ಯೂರಿಟಿ ಕೋಣೆಯಲ್ಲಿ ಕೂತರೆ ಸೋಮವಾರದ ಹೊತ್ತಿಗೆ ಡ್ರೈ ಐಸ್ ಆವಿಯಾಗಿರುತ್ತದೆ. ದಸರೆಯ ವಾರದಲ್ಲಿ ತರಿಸಲೇಬೇಡಿ. ಅರಮನೆಯಿಂದ ಬನ್ನಿಮಂಟಪದವರೆಗೆ ವಾಹನ ಸಂಚಾರ ಬದಲಾಗಿರುತ್ತದೆ, ಆಯುಧಪೂಜೆ ವಿಜಯದಶಮಿಗೆ ಸ್ಟೋರ್ಸ್ ವಿಭಾಗವೂ ಮುಚ್ಚಿರುತ್ತದೆ. ಪೆಟ್ಟಿಗೆ ಬಂದ ಕೂಡಲೇ ತೆರೆದು ಮೂರು ಸಂಗತಿ ನೋಡಿ: ಡ್ರೈ ಐಸ್ ಉಳಿದಿದೆಯೇ, ಘನೀಕರಿಸಿ ಕಳಿಸಿದ ಬಾಟಲಿ ಗಟ್ಟಿಯಾಗಿಯೇ ಇದೆಯೇ, ಮುಚ್ಚಳ ಬಿಗಿಯಾಗಿದೆಯೇ. ಮುಚ್ಚಳ ಸಡಿಲವಿದ್ದರೆ ಡ್ರೈ ಐಸ್‌ನ ಕಾರ್ಬನ್ ಡೈಆಕ್ಸೈಡ್ ಒಳಹೊಕ್ಕು ಮೀಡಿಯಂ ಆಮ್ಲೀಯವಾಗುತ್ತದೆ. ಒಂದು ಫೋಟೊ ತೆಗೆದು ಲಾಟ್ ನಂಬರ್ ಬರೆದಿಟ್ಟುಕೊಂಡರೆ ಮುಂದೆ ತಕರಾರು ಹೇಳಲು ಆಧಾರವಿರುತ್ತದೆ. ಕರಗಿಸುವುದು 4 ಡಿಗ್ರಿಯ ಫ್ರಿಜ್ಜಿನಲ್ಲಿ, ಕತ್ತಲಲ್ಲಿ, ರಾತ್ರಿಯಿಡೀ. 37 ಡಿಗ್ರಿಯ ವಾಟರ್ ಬಾತ್‌ನಲ್ಲಿ ಇಡೀ ಬಾಟಲಿಯನ್ನು ಮುಳುಗಿಸಬೇಡಿ. ಕರಗಿದ್ದನ್ನು 24 ಮಿ.ಲೀ.ನ ಪಾಲುಗಳಾಗಿ ಹಂಚಿ, ಟ್ಯೂಬಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ. ಯಾವುದನ್ನು ಎಷ್ಟು ದಿನ ಎಲ್ಲಿಡಬಹುದು ಎಂಬುದು ಬಾಟಲಿಯ ಲೇಬಲ್ಲಿನಲ್ಲಿದೆ, ಅದನ್ನು ಮೀರಬೇಡಿ.

ಇನ್ನು ಕೋಶಗಳು. ಕಿಟ್ ತರಿಸುವ ಮೊದಲು ಸ್ಟೆಮ್ ಸೆಲ್ ಸಾಲು, ಅಂದರೆ ಒಂದೇ ಮೂಲದಿಂದ ಬೆಳೆಸಿಕೊಂಡು ಬಂದ ಕೋಶಗಳು, ಎಸೆನ್ಷಿಯಲ್ 8 ಮೀಡಿಯಂನಲ್ಲಿ, ಪೋಷಣೆಗೆಂದು ಅಡಿಯಲ್ಲಿ ಹಾಸುವ ಫೀಡರ್ ಕೋಶಗಳಿಲ್ಲದೆ ಹಾಯಾಗಿ ಬೆಳೆಯುತ್ತಿರಬೇಕು. ಲಿಕ್ವಿಡ್ ನೈಟ್ರೋಜನ್‌ನಿಂದ ಹೊರತೆಗೆದ ಮೇಲೆ ಎರಡು ಮೂರು ಪಾಸೇಜ್ (ಬಿಡಿಸಿ ಹೊಸ ತಟ್ಟೆಗೆ ಹಾಕುವುದು) ಆಗುವ ತನಕ ಕಾಯಿರಿ. ಕಾಲೊನಿಯ ಅಂಚು ನಯವಾಗಿ, ಕೋಶಗಳು ಒತ್ತೊತ್ತಾಗಿ, ಒಳಗೆ ಎದ್ದು ಕಾಣುವ ನ್ಯೂಕ್ಲಿಯೋಲಸ್ ಇರಬೇಕು. ಅಂಚಿನಲ್ಲಿ ಚಪ್ಪಟೆಯಾಗಿ ಹರಡಿದ ಕೋಶಗಳು ಕಂಡರೆ ಅವು ಆಗಲೇ ಬೇರೆ ದಾರಿ ಹಿಡಿದಿವೆ. ಮೈಕೋಪ್ಲಾಸ್ಮಾ ಎಂಬ ತೀರಾ ಸಣ್ಣ ಬ್ಯಾಕ್ಟೀರಿಯಾ ಇದೆಯೇ ಎಂದು ಪಿಸಿಆರ್ ಪರೀಕ್ಷೆ ತಿಂಗಳಿಗೊಮ್ಮೆ ಆಗಲೇಬೇಕು. ಈ ಸೋಂಕು ಮೀಡಿಯಂ ಅನ್ನು ಮಬ್ಬು ಮಾಡುವುದಿಲ್ಲ, ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಡಿಫರೆನ್ಷಿಯೇಷನ್ ಮಾತ್ರ ಸದ್ದಿಲ್ಲದೆ ಹಾಳಾಗುತ್ತದೆ. ಪೆನಿಸಿಲಿನ್, ಸ್ಟ್ರೆಪ್ಟೋಮೈಸಿನ್ ಹಾಕಿ ಬೆಳೆಸುವ ರೂಢಿ ಬಿಡಿ, ಅದು ಸಣ್ಣ ಸೋಂಕನ್ನು ಮುಚ್ಚಿಡುತ್ತದೆ. ಹತ್ತು ಹದಿನೈದು ಪಾಸೇಜಿಗೊಮ್ಮೆ ಕ್ರೋಮೋಸೋಮ್ ಪರೀಕ್ಷೆ ಮಾಡಿಸಿ. ದೀರ್ಘಕಾಲ ಬೆಳೆಸಿದ ಸ್ಟೆಮ್ ಸೆಲ್‌ಗಳಲ್ಲಿ 1, 12, 17, 20ನೇ ಕ್ರೋಮೋಸೋಮ್‌ಗಳ ಭಾಗಗಳು ಹೆಚ್ಚಾಗುವುದು ಸಾಮಾನ್ಯ. ಅಂಥ ಕೋಶ ಬೇಗ ಬೆಳೆದು ತಟ್ಟೆಯನ್ನು ಆಕ್ರಮಿಸುತ್ತದೆ, ಹೃದಯಕೋಶವಾಗಲು ಹಿಂಜರಿಯುತ್ತದೆ. ಹಿಂದೆ ಚೆನ್ನಾಗಿ ಮಿಡಿಯುತ್ತಿದ್ದ ಸಾಲು ಈಗ ಮಿಡಿಯುತ್ತಿಲ್ಲವೆಂದರೆ ಕಿಟ್ಟಿನ ಲಾಟ್ ಅನ್ನು ಅನುಮಾನಿಸುವ ಮೊದಲು ಇದನ್ನು ನೋಡಿ.

ತಟ್ಟೆಗೆ ಜೆಲ್ಟ್ರೆಕ್ಸ್ ಎಂಬ, ಕೋಶ ಅಂಟಿಕೊಳ್ಳಲು ನೆರವಾಗುವ ಪ್ರೋಟೀನ್ ಲೇಪ ಹಚ್ಚಬೇಕು. ಜೆಲ್ಟ್ರೆಕ್ಸ್ ಕೋಣೆಯ ಶಾಖಕ್ಕೇ ಗಟ್ಟಿಯಾಗುತ್ತದೆ. ಫ್ರಿಜ್ಜಿನಲ್ಲಿ ಐಸ್ ಮೇಲೆ ರಾತ್ರಿಯಿಡೀ ಕರಗಿಸಿ, ತಣ್ಣಗಿನ ಡಿಎಂಇಎಂ ಎಫ್12 ಮೀಡಿಯಂನಲ್ಲಿ 1ಕ್ಕೆ 100ರಂತೆ ತೆಳುಮಾಡಿ, ಪಿಪೆಟ್ ತುದಿಯನ್ನೂ ತಂಪು ಮಾಡಿಟ್ಟುಕೊಂಡು, ವೆಲ್‌ಗೆ ಮುಕ್ಕಾಲು ಮಿ.ಲೀ. ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಕೋಶ ಹಾಕುವ ಮೊದಲು ತಳ ಒಣಗಬಾರದು. ಒಣಗಿದ ಜಾಗದಿಂದ 10ನೇ ದಿನದ ಹೊತ್ತಿಗೆ ಮಿಡಿಯುವ ಪದರ ಹಾಳೆಯ ಹಾಗೆ ಎದ್ದುಬರುತ್ತದೆ, ಆಗ ಮಾಡಲು ಏನೂ ಉಳಿದಿರುವುದಿಲ್ಲ.

ದಟ್ಟಣೆಯ ಪ್ರಶ್ನೆಯೇ ಈ ಕಿಟ್ಟಿನ ಹೃದಯ. ಮಂಡ್ಯದ ಗದ್ದೆಯಲ್ಲಿ ನಾಟಿ ಒತ್ತಾದರೆ ತೆಂಡೆ ಒಡೆಯುವುದಿಲ್ಲ, ವಿರಳವಾದರೆ ಕಳೆ ಮೇಲೇಳುತ್ತದೆ, ತಟ್ಟೆಯಲ್ಲೂ ಹಾಗೆಯೇ. ವಿರಳವಿದ್ದ ಕೋಶಗಳ ಮೇಲೆ ಎ ಬಿದ್ದರೆ ಮೊದಲ 24 ಗಂಟೆಯಲ್ಲೇ ಹೆಚ್ಚಿನವು ಸತ್ತು ತೇಲುತ್ತವೆ, ಉಳಿದವು ದೂರ ದೂರ ನಿಂತು ನಾರುಕೋಶಗಳಂತೆ ಹರಡುತ್ತವೆ. ತೀರಾ ಒತ್ತಾಗಿದ್ದರೆ ಅಷ್ಟೇ ಪ್ರಮಾಣದ ರಾಸಾಯನಿಕ ಪ್ರತಿ ಕೋಶಕ್ಕೂ ಸಾಕಾಗುವುದಿಲ್ಲ, ಕೆಲವು ಗುಂಪುಗಳು ಸ್ಟೆಮ್ ಸೆಲ್ ಆಗಿಯೇ ಉಳಿದುಬಿಡುತ್ತವೆ. ಲ್ಯಾಬ್‌ನಲ್ಲೇ ಬೆರೆಸುವ ವಿಧಾನದಲ್ಲಿ ರಾಸಾಯನಿಕದ ಪ್ರಮಾಣವನ್ನು ಏರಿಸಿ ಇಳಿಸಿ ಇದನ್ನು ಸರಿದೂಗಿಸಬಹುದು. ಕಿಟ್ಟಿನಲ್ಲಿ ಪ್ರಮಾಣ ಮುಂಚೆಯೇ ಗಟ್ಟಿಯಾಗಿದೆ. ನಿಮ್ಮ ಕೈಯಲ್ಲಿ ಉಳಿದಿರುವ ತಿರುಗಣೆ ಒಂದೇ, ಕೋಶಗಳ ದಟ್ಟಣೆ. ಕಿಟ್ ಬಗ್ಗೆ ನಮ್ಮ ದೊಡ್ಡ ಆಕ್ಷೇಪ ಇದೇ.

ಆದ್ದರಿಂದ ನಾಲ್ಕು ಪ್ಲೇಟ್‌ಗಳಲ್ಲಿ ಒಂದನ್ನು ಪೂರ್ತಿಯಾಗಿ ದಟ್ಟಣೆಯ ಪರೀಕ್ಷೆಗೆ ಬಿಟ್ಟುಕೊಡಿ. ಅದನ್ನು ಉಳಿಸಲು ಹೋದವರು ಉಳಿದ ಮೂರನ್ನು ಕಳೆದುಕೊಳ್ಳುತ್ತಾರೆ. ಅಕ್ಯುಟೇಸ್ ಎಂಬ ಕಿಣ್ವದಲ್ಲಿ ಕೋಶಗಳನ್ನು ಬಿಡಿಬಿಡಿಯಾಗಿಸಿ, ಟ್ರಿಪಾನ್ ಬ್ಲೂ ಬಣ್ಣದಲ್ಲಿ ಬದುಕಿರುವವನ್ನು ಎಣಿಸಿ, ಪ್ಲೇಟಿನ ನಾಲ್ಕು ಕಂಬಸಾಲುಗಳಿಗೆ ವೆಲ್‌ಗೆ 30 ಸಾವಿರ, 50 ಸಾವಿರ, 75 ಸಾವಿರ, 1 ಲಕ್ಷದಂತೆ ಹಾಕಿ. ಒಂದೊಂದಕ್ಕೂ ಮೂರು ವೆಲ್ ಸಿಗುತ್ತವೆ. ಮೊದಲ 24 ಗಂಟೆ ಮೀಡಿಯಂನಲ್ಲಿ 10 ಮೈಕ್ರೊಮೋಲಾರ್ ವೈ-27632 ಎಂಬ ರಾಸಾಯನಿಕ ಇರಲಿ, ಇಲ್ಲದಿದ್ದರೆ ಬಿಡಿಯಾದ ಸ್ಟೆಮ್ ಸೆಲ್ ಬದುಕುವುದಿಲ್ಲ. ಮರುದಿನ ಅದನ್ನು ತೆಗೆದು ಬರೀ ಎಸೆನ್ಷಿಯಲ್ 8 ಕೊಡಿ. ಕೋಶ ಹಾಕಿದ ನಾಲ್ಕನೇ ದಿನಕ್ಕೆ, ಅಂದರೆ ಎ ಹಾಕುವ 0ನೇ ದಿನಕ್ಕೆ, ಒಂದೊಂದು ಕಂಬಸಾಲೂ ತಳದ ಬೇರೆ ಬೇರೆ ಪಾಲನ್ನು ಮುಚ್ಚಿರುತ್ತದೆ. ಶೇ 30ರಿಂದ 70ರ ನಡುವೆ ಹುಡುಕಿ. ಒಂದು ಸ್ಟೆಮ್ ಸೆಲ್ ಸಾಲಿಗೆ ಶೇ 40 ಹಿಡಿಸಿದರೆ ಇನ್ನೊಂದಕ್ಕೆ ಶೇ 65 ಬೇಕಾಗುತ್ತದೆ. ಬರೆದಿಡಬೇಕಾದದ್ದು ಹಾಕಿದ ಸಂಖ್ಯೆಯನ್ನಲ್ಲ, ಎ ಹಾಕುವ ಹೊತ್ತಿಗೆ ಮುಚ್ಚಿದ್ದ ಶೇಕಡಾವಾರನ್ನು. ಹಾಕಿದ ಸಂಖ್ಯೆ ಎಣಿಸುವವರ ಕೈಗೆ ತಕ್ಕಂತೆ ಬದಲಾಗುತ್ತದೆ. ಒಂದೊಂದು ವೆಲ್‌ನ ಫೋಟೊ ಅದೇ ಲೆನ್ಸ್‌ನಲ್ಲಿ ತೆಗೆದಿಡಿ. ಕೋಶ ಹಾಕಿದ ಕೂಡಲೇ ಪ್ಲೇಟನ್ನು ಉತ್ತರ ದಕ್ಷಿಣ, ಪೂರ್ವ ಪಶ್ಚಿಮವಾಗಿ ಮೆಲ್ಲಗೆ ಜಾರಿಸಿ. ಗುಂಡಗೆ ತಿರುಗಿಸಿದರೆ ಕೋಶಗಳೆಲ್ಲ ನಡುವಿಗೆ ಸೇರಿ, ಒಂದೇ ವೆಲ್‌ನಲ್ಲಿ ಶೇ 90ರ ಜಾಗವೂ ಶೇ 20ರ ಜಾಗವೂ ಆಗುತ್ತದೆ.

0ನೇ ದಿನ. ಎಸೆನ್ಷಿಯಲ್ 8ರಲ್ಲಿ ಇನ್ಸುಲಿನ್ ಧಾರಾಳವಾಗಿದೆ, ಮೊದಲ ದಿನಗಳಲ್ಲಿ ಇನ್ಸುಲಿನ್ ಹೃದಯದ ಮೀಸೋಡರ್ಮ್ ಆಗುವುದನ್ನು ತಡೆಯುತ್ತದೆ. ಹಾಗಾಗಿ ಹಳೆಯ ಮೀಡಿಯಂ ಪೂರ್ತಿ ಎಳೆದು, ಕ್ಯಾಲ್ಸಿಯಂ ಮೆಗ್ನೀಸಿಯಂ ಇರುವ ಡಿಪಿಬಿಎಸ್ ಎಂಬ ಲವಣ ದ್ರಾವಣದಿಂದ ಒಮ್ಮೆ ತೊಳೆದು, ಕೋಣೆಯ ಶಾಖಕ್ಕೆ ಬಂದ ಎ 2 ಮಿ.ಲೀ. ಹಾಕಿ. ವೆಲ್‌ನ ಗೋಡೆಗೆ ತಾಗಿಸಿ ನಿಧಾನ ಬಿಡಿ, ನೇರ ಕೋಶದ ಮೇಲೆ ಸುರಿಯಬೇಡಿ. ಪ್ಲೇಟಿನ ಮೇಲೆ ಗಂಟೆ ಬರೆಯಿರಿ. 48 ಗಂಟೆ ಅಂದರೆ 48 ಗಂಟೆ, ಹೆಚ್ಚೆಂದರೆ ಎರಡು ಗಂಟೆ ಆಚೀಚೆ. ಮರುದಿನ ಬೆಳಗ್ಗೆ ಮೀಡಿಯಂನಲ್ಲಿ ಸತ್ತ ಕೋಶಗಳು ತೇಲುವುದನ್ನು ನೋಡಿ ಹೊಸಬರು ಗಾಬರಿಯಾಗುತ್ತಾರೆ. ತಳದಲ್ಲಿ ಅರ್ಧಕ್ಕಿಂತ ಹೆಚ್ಚು ಪದರ ಉಳಿದಿದ್ದರೆ ಮುಂದುವರಿಯಿರಿ. ತಳ ಬೋಳಾಗಿದ್ದರೆ ಅಲ್ಲಿಗೆ ನಿಲ್ಲಿಸಿ, ಬಿ ಹಾಕಿ ವ್ಯರ್ಥ ಮಾಡಬೇಡಿ.

ಇಲ್ಲಿ ಒಂದು ಕೆಲಸವನ್ನು ತಪ್ಪದೆ ಮಾಡಲು ಹೇಳುತ್ತೇವೆ, ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. 24ರಿಂದ 48 ಗಂಟೆಯೊಳಗೆ ಒಂದು ವೆಲ್ ಬಲಿಕೊಟ್ಟು ಮೀಸೋಡರ್ಮ್‌ನ ಗುರುತಾದ ಬ್ರಾಕಿಯೂರಿ ಎಂಬ ಪ್ರೋಟೀನಿಗೆ ಆಂಟಿಬಾಡಿ ಹಾಕಿ ನೋಡಿ. ಬಹುಪಾಲು ಕೋಶಗಳು ಹೊಳೆದರೆ ಮೀಸೋಡರ್ಮ್ ಸರಿಯಾಗಿ ಆಗಿದೆ. ಮುಂದೆ ಮಿಡಿತ ಬಾರದಿದ್ದರೆ ತಪ್ಪು ಬಿ ಹಂತದಲ್ಲಿದೆ. ಕೆಲವೇ ಹೊಳೆದರೆ ತಪ್ಪು ದಟ್ಟಣೆಯಲ್ಲೋ ಕೋಶದ ಸ್ಥಿತಿಯಲ್ಲೋ ಇದೆ. ಈ ಒಂದು ವೆಲ್ ಇಲ್ಲದಿದ್ದರೆ 14 ದಿನ ಕಾದು ‘ಬರಲಿಲ್ಲ’ ಎಂದಷ್ಟೇ ಬರೆಯಬೇಕಾಗುತ್ತದೆ, ಯಾಕೆ ಬರಲಿಲ್ಲ ಎಂಬುದು ಗೊತ್ತಾಗುವುದೇ ಇಲ್ಲ.

2ನೇ ದಿನ ಎ ತೆಗೆದು ಬಿ, 4ನೇ ದಿನ ಬಿ ತೆಗೆದು ಮೇಂಟೆನೆನ್ಸ್. 4ರಿಂದ 7ನೇ ದಿನದವರೆಗೆ ಪದರ ತೀರಾ ನಾಜೂಕು, ಪ್ಲೇಟನ್ನು ಮೈಕ್ರೋಸ್ಕೋಪಿಗೂ ಇನ್‌ಕ್ಯುಬೇಟರಿಗೂ ಓಡಾಡಿಸಬೇಡಿ. 7ನೇ ದಿನಕ್ಕೆ ದಪ್ಪ ಎಳೆಗಳ ಜಾಲದಂಥ ಗೆರೆಗಳು ಮೂಡುತ್ತವೆ, ಮಿಡಿತ ಸಾಮಾನ್ಯವಾಗಿ ಆ ಗೆರೆಗಳಿಂದಲೇ ಶುರು. 12ನೇ ದಿನವಾದರೂ ಏನೂ ಅಲುಗದಿದ್ದರೆ ಆ ವೆಲ್ ಬಿಡಿ. ನೋಡುವಾಗ ಪ್ಲೇಟ್ ತಣ್ಣಗಾದಂತೆ ಮಿಡಿತ ನಿಧಾನವಾಗುತ್ತದೆ. ಬಿಸಿ ಸ್ಟೇಜ್ ಇಲ್ಲದ ಮೈಕ್ರೋಸ್ಕೋಪಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಇಟ್ಟು ನಿಮಿಷಕ್ಕಿಷ್ಟು ಎಂದು ಬರೆದ ಲೆಕ್ಕಕ್ಕೆ ಬೆಲೆಯಿಲ್ಲ.

ವಾರದ ಹೊಂದಾಣಿಕೆ ಹೀಗಿರಲಿ. ಸೋಮವಾರ ಎ ಹಾಕಿದರೆ 6ನೇ ದಿನ ಭಾನುವಾರ ಬೀಳುತ್ತದೆ, ಅದು ತಡಮಾಡಬಾರದ ದಿನ. ಮಂಗಳವಾರ ಹಾಕಿದರೆ ಗುರುವಾರ ಬಿ, ಶನಿವಾರ ಮೇಂಟೆನೆನ್ಸ್. ಭಾನುವಾರ ಬೀಳುವುದು 12ನೇ ದಿನ. ಆ ಹೊತ್ತಿಗೆ ಕೋಶ ಗಟ್ಟಿಯಾಗಿರುತ್ತವೆ, ಸೋಮವಾರ ಬೆಳಗ್ಗೆ ಮೀಡಿಯಂ ಬದಲಿಸಿದರೂ ನಷ್ಟವಿಲ್ಲ. ಮಂಗಳವಾರ ಎ ಹಾಕಬೇಕೆಂದರೆ ಶುಕ್ರವಾರ ಕೋಶ ಹಾಕಿರಬೇಕು, ಶನಿವಾರ ಭಾನುವಾರ ಯಾರಾದರೂ ಬಂದು ಎಸೆನ್ಷಿಯಲ್ 8 ಬದಲಿಸಬೇಕು. ಎಸೆನ್ಷಿಯಲ್ 8 ಫ್ಲೆಕ್ಸ್ ಬಳಸುವವರಿಗೆ ಭಾನುವಾರ ಬಿಡುವು ಸಿಗುತ್ತದೆ. ಕರೆಂಟ್ ಹೋದಾಗ ಇನ್‌ಕ್ಯುಬೇಟರ್ ಬಾಗಿಲು ತೆರೆಯದಿದ್ದರೆ ಶಾಖ ಸಾಕಷ್ಟು ಹೊತ್ತು ನಿಲ್ಲುತ್ತದೆ, ಆದರೆ ಕಾರ್ಬನ್ ಡೈಆಕ್ಸೈಡ್ ವಾಲ್ವ್ ಮುಚ್ಚಿರುತ್ತದೆ. ಯುಪಿಎಸ್ ಸಂಪರ್ಕ ಇನ್‌ಕ್ಯುಬೇಟರಿಗೆ ಮೊದಲು, ಹುಡ್‌ಗೆ ಆಮೇಲೆ. ಎರಡನೇ ಗ್ಯಾಸ್ ಸಿಲಿಂಡರ್ ತುಂಬಿ ಪಕ್ಕದಲ್ಲೇ ಇರಲಿ.

ಮಿಡಿತ ಕಂಡರೆ ಗೆದ್ದೆವು ಎಂದುಕೊಳ್ಳುವುದು ಬೇಡ. ಹೃದಯಕೋಶಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದರಿಂದ ವೆಲ್‌ನಲ್ಲಿ ಮೂರರಲ್ಲೊಂದು ಪಾಲು ಇದ್ದರೂ ಇಡೀ ಪದರವೇ ಎಳೆದಾಡಿದಂತೆ ಕಾಣುತ್ತದೆ. ಶುದ್ಧತೆ ಗೊತ್ತಾಗುವುದು ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೆಟ್ರಿಯಲ್ಲಿ, ಹೃದಯದ ಟ್ರೋಪೋನಿನ್ ಟಿ ಎಂಬ ಪ್ರೋಟೀನ್ ಎಷ್ಟು ಶೇಕಡಾ ಕೋಶಗಳಲ್ಲಿದೆ ಎಂದು ನೋಡಿದಾಗ. 14ನೇ ದಿನ ಟ್ರಿಪ್ಲೀ ಎಂಬ ಕಿಣ್ವ ಹಾಕಿ ಬಿಡಿಸಿ, ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ತಣ್ಣಗಿನ ಶೇ 90 ಮೆಥನಾಲ್‌ನಲ್ಲಿ ತೂತಾಗಿಸಿ ಆಂಟಿಬಾಡಿ ಹಾಕಿ. ಡಿಫರೆನ್ಷಿಯೇಟ್ ಆಗದ ಸ್ಟೆಮ್ ಸೆಲ್‌ಗಳನ್ನೂ ಅದೇ ಆಂಟಿಬಾಡಿಯೊಂದಿಗೆ ಪಕ್ಕದಲ್ಲಿ ಓಡಿಸಿ. ಲ್ಯಾಬ್‌ನಲ್ಲಿ ಸೈಟೋಮೀಟರ್ ಇಲ್ಲದಿದ್ದರೆ ಸ್ಥಿರಗೊಳಿಸಿದ ಕೋಶಗಳನ್ನು ಮೆಥನಾಲ್‌ನಲ್ಲೇ ಮೈನಸ್ 20 ಡಿಗ್ರಿಯಲ್ಲಿಟ್ಟು ಬೇರೆ ಕ್ಯಾಂಪಸ್ಸಿಗೆ ಕೊಂಡೊಯ್ಯಬಹುದು. ಶೇ 80ರ ಮೇಲೆ ಬಂದರೆ ಔಷಧ ಪರೀಕ್ಷೆಗೆ ನೇರ ಹೋಗಿ. 50ರಿಂದ 80ರ ನಡುವೆ ಇದ್ದರೆ ಲ್ಯಾಕ್ಟೇಟ್‌ನಿಂದ ಶುದ್ಧಿ ಮಾಡಿ: ಗ್ಲೂಕೋಸ್ ಇಲ್ಲದ ಮೀಡಿಯಂಗೆ 4 ಮಿಲಿಮೋಲಾರ್ ಸೋಡಿಯಂ ಲ್ಯಾಕ್ಟೇಟ್ ಬೆರೆಸಿ ನಾಲ್ಕರಿಂದ ಆರು ದಿನ ಕೊಡುವುದು. ಹೃದಯಕೋಶ ಲ್ಯಾಕ್ಟೇಟ್ ಉರಿಸಿ ಬದುಕುತ್ತದೆ, ಮಿಕ್ಕವು ಹಸಿವಿನಿಂದ ಸಾಯುತ್ತವೆ. ಜಪಾನಿನ ತೊಹ್ಯಾಮಾ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ ಈ ಉಪಾಯಕ್ಕೆ ಖರ್ಚು ಬಹಳ ಕಡಿಮೆ. ಸಾಮಾನ್ಯ ಆರ್‌ಪಿಎಂಐ ಬಳಸಿದರೆ ಅದರಲ್ಲಿ ಲೀಟರಿಗೆ 2 ಗ್ರಾಂ ಗ್ಲೂಕೋಸ್ ಇರುವುದರಿಂದ ಶುದ್ಧಿಯೇ ಆಗುವುದಿಲ್ಲ, ‘ಗ್ಲೂಕೋಸ್ ರಹಿತ’ ಎಂದು ಲೇಬಲ್ ಓದಿಯೇ ತರಿಸಿ. ಶೇ 50ಕ್ಕಿಂತ ಕೆಳಗಿದ್ದರೆ ಶುದ್ಧಿಗೆ ಹೋಗದೆ ದಟ್ಟಣೆಗೆ ಮರಳಿ.

ಕಿಟ್ಟಿಗೆ ಎದುರಾಗಿ ನಿಲ್ಲುವುದು ಲ್ಯಾಬ್‌ನಲ್ಲೇ ಬೆರೆಸುವ ವಿಧಾನ. 490 ಮಿ.ಲೀ. ಆರ್‌ಪಿಎಂಐಗೆ ಇನ್ಸುಲಿನ್ ಇಲ್ಲದ ಬಿ27 ಸಪ್ಲಿಮೆಂಟ್ 10 ಮಿ.ಲೀ. 0ನೇ ದಿನ ಅದರಲ್ಲಿ ವಿಂಟ್ ಏರಿಸುವ ಸಿಎಚ್‌ಐಆರ್ 99021 ಬೆರೆಸಿ ಸರಿಯಾಗಿ 24 ಗಂಟೆ. 10 ಮಿಲಿಮೋಲಾರ್ ಸ್ಟಾಕ್‌ನಿಂದ (ಗಾಢ ದ್ರಾವಣದಿಂದ) 12 ಮೈಕ್ರೊಮೋಲಾರ್ ಬೇಕೆಂದರೆ 24 ಮಿ.ಲೀ.ಗೆ 28.8 ಮೈಕ್ರೊಲೀಟರ್. 5 ಮಿ.ಗ್ರಾಂ. ಪುಡಿಗೆ 1.07 ಮಿ.ಲೀ. ಡಿಎಂಎಸ್‌ಒ ಎಂಬ ದ್ರಾವಕ ಹಾಕಿದರೆ ಆ 10 ಮಿಲಿಮೋಲಾರ್ ಸ್ಟಾಕ್ ಸಿಗುತ್ತದೆ. 1ನೇ ದಿನ ಬರೀ ಮೀಡಿಯಂ. 3ನೇ ದಿನ ವೆಲ್‌ನ ಹಳೆಯ ಮೀಡಿಯಂ ಅರ್ಧ, ಹೊಸದು ಅರ್ಧ ಸೇರಿಸಿ ಅದಕ್ಕೆ ವಿಂಟ್ ಇಳಿಸುವ ಐಡಬ್ಲ್ಯುಪಿ2, 5 ಮೈಕ್ರೊಮೋಲಾರ್. 5ನೇ ದಿನ ಮತ್ತೆ ಬರೀ ಮೀಡಿಯಂ, 7ನೇ ದಿನದಿಂದ ಇನ್ಸುಲಿನ್ ಇರುವ ಬಿ27. ಇಲ್ಲಿ ದಟ್ಟಣೆ ಕಿಟ್ಟಿನಂತಲ್ಲ, ತಳ ಹೆಚ್ಚುಕಡಿಮೆ ಪೂರ್ತಿ ಮುಚ್ಚಿರಬೇಕು. ಕಿಟ್ಟಿನ ರೂಢಿಯಲ್ಲೇ ಶೇ 50ಕ್ಕೆ 12 ಮೈಕ್ರೊಮೋಲಾರ್ ಸುರಿದರೆ ಹೆಚ್ಚಿನವು ಸಾಯುತ್ತವೆ. ಪ್ರಮಾಣವನ್ನು 6, 8, 10, 12 ಎಂದು ಪರೀಕ್ಷಿಸಿ. ಐಡಬ್ಲ್ಯುಪಿ2 ಸುಲಭಕ್ಕೆ ಕರಗುವುದಿಲ್ಲ, ಸ್ಟಾಕ್ ಅನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ ಕಲಕಿ. ವೆಲ್‌ನಲ್ಲಿ ಸೂಜಿಯಂಥ ಹರಳು ಕಂಡರೆ ಪ್ರಮಾಣ ಕಡಿಮೆಯಾಗಿದೆ ಎಂದೇ ಅರ್ಥ. ಈ ಲೆಕ್ಕದಲ್ಲಿ ಒಂದು ಪ್ಲೇಟಿಗೆ ಇನ್ಸುಲಿನ್ ರಹಿತ ಮೀಡಿಯಂ 84 ಮಿ.ಲೀ. ಹಿಡಿಯುತ್ತದೆ, 500 ಮಿ.ಲೀ.ನಲ್ಲಿ ಐದು ಪ್ಲೇಟ್ ನಿರಾಳ. ರಾಸಾಯನಿಕಗಳ ಒಂದು ಸಣ್ಣ ಸೀಸೆ ನೂರಾರು ವೆಲ್‌ಗೆ ಬರುವುದರಿಂದ ಖರ್ಚು ಕಿಟ್ಟಿಗಿಂತ ಬಹಳ ಕೆಳಗಿಳಿಯುತ್ತದೆ. ಸೋಮವಾರ ಶುರುಮಾಡಿದರೆ ಮಂಗಳ, ಗುರು, ಶನಿ, ಮುಂದಿನ ಸೋಮವಾರ. ಮೊದಲ ವಾರದಲ್ಲಿ ಭಾನುವಾರವೇ ಬರುವುದಿಲ್ಲ. ಇನ್ನೂ ಅಗ್ಗ ಬೇಕಾದವರಿಗೆ 2014ರಲ್ಲಿ ಬರ್ರಿಜ್ ಮತ್ತು ಸಂಗಡಿಗರು ಕೊಟ್ಟ ಸಿಡಿಎಂ3 ಎಂಬ ಮೀಡಿಯಂ ಇದೆ: ಆರ್‌ಪಿಎಂಐ, ಮಿ.ಲೀ.ಗೆ 500 ಮೈಕ್ರೊಗ್ರಾಂ ಮನುಷ್ಯ ಆಲ್ಬುಮಿನ್, 213 ಮೈಕ್ರೊಗ್ರಾಂ ಆಸ್ಕಾರ್ಬಿಕ್ ಆಮ್ಲದ ಫಾಸ್ಫೇಟ್ ರೂಪ, ಅಷ್ಟೇ.

ಸ್ಟೆಮ್‌ಸೆಲ್ ಟೆಕ್ನಾಲಜೀಸ್ ಕಂಪನಿಯ ಸ್ಟೆಮ್‌ಡಿಫ್ ಕಿಟ್ಟಿನಲ್ಲಿ ಎ, ಬಿ, ಸಿ ಮತ್ತು ಮೇಂಟೆನೆನ್ಸ್ ಎಂದು ನಾಲ್ಕು ಬಗೆ. ಅದು ಕೆಳಕೋಣೆಯ, ಅಂದರೆ ವೆಂಟ್ರಿಕಲ್ ಬಗೆಯ ಕೋಶಕ್ಕೆಂದೇ ಹೊಂದಿಸಿದ್ದು. ಅದೇ ಬೇಕಿದ್ದವರು ಅದನ್ನು ನೋಡಿ. ಕೋಶ ಬೆಳೆಸುವ ಗೋಜೇ ಬೇಡ, ಔಷಧ ಪರೀಕ್ಷೆ ಮಾತ್ರ ಸಾಕು ಎನ್ನುವವರಿಗೆ ಫ್ಯೂಜಿಫಿಲ್ಮ್‌ನ ಐಸೆಲ್‌ನಂಥ ಸಿದ್ಧ ಕೋಶಗಳಿವೆ.

ಯಾವ ಕಿಟ್ ಕೊಂಡರೂ ಸಿಗುವುದು ಭ್ರೂಣದ ಹೃದಯವನ್ನು ಹೋಲುವ ಎಳೆಯ ಕೋಶ ಎಂಬುದನ್ನು ಪ್ರಾಜೆಕ್ಟ್ ಬರೆಯುವಾಗಲೇ ನಮೂದಿಸಿ. ಸಾರ್ಕೋಮಿಯರ್, ಅಂದರೆ ಸ್ನಾಯು ಕುಗ್ಗುವ ಘಟಕದ ಉದ್ದ ಸುಮಾರು 1.6 ಮೈಕ್ರೊಮೀಟರ್, ದೊಡ್ಡವರ ಹೃದಯದಲ್ಲಿ 2.2ರ ಆಸುಪಾಸು. ವಿದ್ಯುತ್ ಸಂಕೇತವನ್ನು ಕೋಶದೊಳಗೆ ಒಯ್ಯುವ ಟಿ-ಟ್ಯೂಬ್ಯೂಲ್‌ಗಳಿಲ್ಲ, ಕೊಬ್ಬಿನಾಮ್ಲಕ್ಕಿಂತ ಗ್ಲೂಕೋಸ್ ಮೇಲೆ ಹೆಚ್ಚು ಅವಲಂಬನೆ. ತಾನಾಗಿ ಮಿಡಿಯುವುದೇ ಎಳೆತನದ ಗುರುತು, ಬೆಳೆದ ವೆಂಟ್ರಿಕಲ್ ಕೋಶ ಪ್ರಚೋದನೆ ಇಲ್ಲದೆ ಮಿಡಿಯುವುದಿಲ್ಲ. ಥೈರಾಯ್ಡ್ ಹಾರ್ಮೋನ್, ಡೆಕ್ಸಾಮೆಥಾಸೋನ್, ಕೊಬ್ಬಿನಾಮ್ಲ ಕೊಟ್ಟು ಕೆಲವು ವಾರ ಹೆಚ್ಚು ಬೆಳೆಸಿದರೆ ತುಸು ಮಾಗುತ್ತವೆ. ಕಿಟ್ಟಿನಲ್ಲಿ ಅದಕ್ಕೆ ಏನೂ ಇಲ್ಲ.

ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಗೆ ಓಡಾಡುವ ಹೃದ್ರೋಗಿಗಳ ಮನೆಯವರು ಇದನ್ನು ಓದುತ್ತಿದ್ದರೆ ಅವರಿಗೆ ಸ್ಪಷ್ಟವಾಗಿ ಹೇಳಬೇಕು: ಇದು ಸಂಶೋಧನೆಗೆ ಮಾತ್ರ, ಇಲ್ಲಿ ಬೆಳೆದ ಕೋಶವನ್ನು ಯಾರ ದೇಹಕ್ಕೂ ಚುಚ್ಚುವಂತಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಚಿಕಿತ್ಸೆಯಾಗಿ ಒಪ್ಪಿರುವುದು ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳಿಗೆ ಮಾಡುವ ಸ್ಟೆಮ್ ಸೆಲ್ ಕಸಿಯನ್ನು ಮಾತ್ರ. ‘ಸ್ಟೆಮ್ ಸೆಲ್‌ನಿಂದ ಹೃದಯ ಸರಿಮಾಡುತ್ತೇವೆ’ ಎಂದು ದುಡ್ಡು ಕೇಳುವವರಿಂದ ದೂರವಿರಿ. ಲ್ಯಾಬ್‌ನವರಿಗೂ ಅದೇ ಮಾರ್ಗಸೂಚಿ ಅನ್ವಯಿಸುತ್ತದೆ. ತಟ್ಟೆಯ ಕೆಲಸವೇ ಆದರೂ ಸಂಸ್ಥೆಯ ಸ್ಟೆಮ್ ಸೆಲ್ ಸಮಿತಿಯ ಮುಂದೆ ವಿಷಯ ಇಡಬೇಕು, ಕೋಶದ ಸಾಲಿನ ದಾಖಲೆ ಇರಬೇಕು. ಸಾಲು ಹುಡುಕುವವರು ವಿದೇಶಿ ಬ್ಯಾಂಕ್‌ಗಳನ್ನಷ್ಟೇ ನೋಡುತ್ತಾರೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೇ ಬಿಜೆಎನ್‌ಹೆಮ್ 19 ಮತ್ತು 20 ಎಂಬ ಮನುಷ್ಯ ಭ್ರೂಣದ ಸ್ಟೆಮ್ ಸೆಲ್ ಸಾಲುಗಳನ್ನು ರೂಪಿಸಿದ್ದಾರೆ.

ನಮ್ಮ ಶಿಫಾರಸು ಹೀಗಿದೆ. ಹೃದಯಕೋಶದ ಕೆಲಸ ಹೊಸದಾಗಿ ಶುರುಮಾಡುವ ಲ್ಯಾಬ್ ಒಂದು ಕಿಟ್ ಖಂಡಿತ ಕೊಳ್ಳಲಿ. ಕಲಿಯುವವರ ಕೈ ಪಳಗುವಾಗ ತೂಕದ ತಪ್ಪು, ಬೆರೆಸುವ ತಪ್ಪು ಎರಡನ್ನೂ ಅದು ದೂರವಿಡುತ್ತದೆ, ಹಾಗಾಗಿ ಉಳಿದ ತಪ್ಪು ಎಲ್ಲಿದೆ ಎಂದು ಬೇಗ ತಿಳಿಯುತ್ತದೆ. ಆ ಕಿಟ್ಟಿನ ಮೂರನೇ ಪ್ಲೇಟ್ ಹೊತ್ತಿಗೆ ಬಿ27 ಮತ್ತು ಎರಡು ರಾಸಾಯನಿಕ ತರಿಸಿ, ನಾಲ್ಕನೇ ಪ್ಲೇಟಿನ ಪಕ್ಕದಲ್ಲೇ ಸ್ವಂತ ಮೀಡಿಯಂನ ಪ್ಲೇಟ್ ನಡೆಸಿ, ಟ್ರೋಪೋನಿನ್ ಶೇಕಡಾವಾರು ಹೋಲಿಸಿ. ಎರಡೂ ಸರಿಸಮ ಬಂದ ಮೇಲೆ ನಿತ್ಯದ ಕೆಲಸಕ್ಕೆ ಕಿಟ್ ಬೇಕಿಲ್ಲ. ವರ್ಷಕ್ಕೆ ನಾಲ್ಕಾರು ಪ್ಲೇಟ್ ಮಾತ್ರ ಬೇಕಿರುವ ಲ್ಯಾಬ್ ಕಿಟ್ಟಿನಲ್ಲೇ ಉಳಿಯುವುದು ಲಾಭ, ಬಿ27 ತೆರೆದಿಟ್ಟು ಹಾಳುಮಾಡುವುದು ತಪ್ಪುತ್ತದೆ. ಆರ್ಡರ್ ಹಾಕುವಾಗ ಜೆಲ್ಟ್ರೆಕ್ಸ್, ವೈ-27632, ಅಕ್ಯುಟೇಸ್, ಬ್ರಾಕಿಯೂರಿ ಮತ್ತು ಟ್ರೋಪೋನಿನ್ ಟಿ ಆಂಟಿಬಾಡಿಗಳನ್ನೂ ಅದೇ ಕೊಟೇಶನ್‌ನಲ್ಲಿ ಸೇರಿಸಿ. ಇವು ಯಾವುವೂ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಎರಡು ಕಿಟ್ ತರಿಸುವುದಾದರೆ ಒಂದೇ ಲಾಟ್ ಕೇಳಿ.